ಕೊನೆಯ ರೀಲಿನ ಅಜ್ಜಿ

ಆ ಸಿನಿಮಾದಲ್ಲಿ ಯಾರೂ ಯಾರ ಮೇಲೂ ಕೂಗಾಡುವುದಿಲ್ಲ. ಖಳನಿಲ್ಲ, ಹೊಡೆದಾಟವಿಲ್ಲ. ಜಪಾನಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಸೂರಿನ ಕೆಳಗೆ ದಾರ ಕಟ್ಟಿ ಹಣ್ಣು ಒಣಗಿಸುತ್ತಾಳೆ. ಒಂದು ನರಿ ದಿನಾ ಬಂದು ಒಂದೊಂದು ಹಣ್ಣು ಕದಿಯುತ್ತದೆ. ರಜೆಗೆ ಬಂದ ಮೊಮ್ಮಗಳು ಅದನ್ನು ಹಿಡಿಯಲು ಕಾದು ಕೂರುತ್ತಾಳೆ. ಇಷ್ಟೇ ಕಥೆ. ಬಣ್ಣದ ಪೆನ್ಸಿಲಿನಲ್ಲಿ ಬರೆದಂಥ ಚಿತ್ರಗಳು. ಇಂಥದೊಂದು ಸಾಧು ಅನಿಮೇಷನ್ ಸಿನಿಮಾವನ್ನು ಕನ್ನಡಕ್ಕೆ ಡಬ್ ಮಾಡುವಾಗ ನನ್ನ ನಿದ್ದೆ ಕೆಡುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ನಾನು ಇರುವುದು ಚೆನ್ನೈಯಲ್ಲಿ. ಬೇರೆ ಭಾಷೆಯ ಸಿನಿಮಾಗಳಿಗೆ ಕನ್ನಡದ ಮಾತು ಬರೆಯುವುದು, ಆಮೇಲೆ ಕಂಠದಾನ ಮಾಡುವವರನ್ನು ಮೈಕಿನ ಮುಂದೆ ನಿಲ್ಲಿಸಿ ಆ ಮಾತನ್ನು ಹೇಳಿಸುವುದು, ಎರಡೂ ನನ್ನ ಕೆಲಸ. ವಡಪಳನಿಯ ಒಂದು ಗಲ್ಲಿಯ ಮೊದಲ ಮಹಡಿಯಲ್ಲಿ ನಮ್ಮ ರೆಕಾರ್ಡಿಂಗ್ ಕೋಣೆ. ಗಾಜಿನ ಆಚೆ ಮೈಕು, ಟಿ.ವಿ.; ಈಚೆ ನಾನು ಮತ್ತು ತಮಿಳಿನ ಸೌಂಡ್ ಎಂಜಿನಿಯರ್. ಸಿನಿಮಾವನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡಿರುತ್ತೇವೆ. ಒಂದು ತುಂಡು ಓಡುತ್ತದೆ, ಕಿವಿಯಲ್ಲಿ ಮೂರು ಸಲ ‘ಬೀಪ್’ ಅನ್ನುತ್ತದೆ, ನಾಲ್ಕನೆಯದು ಕೇಳಬೇಕಾದ ಕಡೆ ಮಾತು ಶುರುವಾಗಬೇಕು. ತೆರೆಯ ಮೇಲಿನ ಬಾಯಿ ಮುಚ್ಚಿದಾಗ ನಮ್ಮ ಮಾತೂ ಮುಗಿದಿರಬೇಕು. ಜಪಾನಿ ಭಾಷೆಯಲ್ಲೂ ನಮ್ಮ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಉಸಿರು ನಿಲ್ಲುವ ಜಾಗಗಳು ಹೆಚ್ಚೂಕಮ್ಮಿ ಹೊಂದುತ್ತವೆ. ಇಂಗ್ಲಿಷ್ ಸಿನಿಮಾಕ್ಕೆ ಪಡುವ ಪಾಡು ಇದಕ್ಕಿಲ್ಲ. ಆ ಒಣಹಣ್ಣಿಗೆ ಮಾತ್ರ ಕನ್ನಡದಲ್ಲಿ ಹೆಸರು ಸಿಗಲಿಲ್ಲ. ಸುಮ್ಮನೆ ‘ಹಣ್ಣು’ ಎಂದೇ ಬರೆದು ಕೈತೊಳೆದುಕೊಂಡೆ.

ಮಕ್ಕಳ ಪಾತ್ರಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ದೊಡ್ಡ ಹೆಂಗಸರೇ ದನಿ ಕೊಡುತ್ತಾರೆ. ಮೂಗಿನಲ್ಲಿ ಕೊಂಚ ರಾಗ ಎಳೆದರೆ ಮಗುವಿನ ದನಿ ಆಯಿತು ಎಂಬ ನಂಬಿಕೆ. ನನಗೆ ಅದು ಕೇಳಿದರೆ ಮೈ ಉರಿಯುತ್ತದೆ. ಈ ಸಿನಿಮಾಕ್ಕೆ ನಿಜವಾದ ಮಗುವೇ ಬೇಕು ಎಂದು ಹಟ ಹಿಡಿದೆ. ಸಿನಿಮಾ ತರಿಸಿದ ಕಂಪನಿಯ ಸಂಯೋಜಕಿ ಬೆಂಗಳೂರಿನಿಂದ ಫೋನಿನಲ್ಲೇ ನಿಟ್ಟುಸಿರು ಬಿಟ್ಟು, “ನಿಮ್ಮ ರಿಸ್ಕು ಮೇಡಂ” ಅಂದಳು. ಚೆನ್ನೈಯಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ಆದರೆ ಆ ಮನೆಗಳ ಮಕ್ಕಳಿಗೆ ನೀವು ಕನ್ನಡದಲ್ಲಿ ಕೇಳಿದರೆ ಉತ್ತರ ತಮಿಳಿನಲ್ಲಿ ಬರುತ್ತದೆ. ಸಾಕಷ್ಟು ಅಲೆದ ಮೇಲೆ ಕೀಲ್ಪಾಕಿನ ಒಂದು ಮನೆಯಲ್ಲಿ ನನ್ನ ಹುಡುಗಿ ಸಿಕ್ಕಳು. ಮೂರನೇ ಕ್ಲಾಸು, ಮುಂದಿನ ಒಂದು ಹಲ್ಲು ಬಿದ್ದಿತ್ತು, ಕಂಚಿನ ಗಂಟೆಯ ಹಾಗೆ ದನಿ.

ನಿಜ ಹೇಳಬೇಕೆಂದರೆ ನನಗೆ ಸಿಕ್ಕಿದ್ದು ಹುಡುಗಿಯಲ್ಲ, ಅವಳ ಅಜ್ಜಿ. ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ವೈಷ್ಣವರ ಮನೆ. ಮೈಸೂರಿನಿಂದ ಆ ಮನೆಗೆ ಸೊಸೆಯಾಗಿ ಬಂದ ಆ ಹೆಂಗಸು ತನ್ನ ಕನ್ನಡವನ್ನು ಉಪ್ಪಿನಕಾಯಿಯ ಜಾಡಿ ಕಾದಂತೆ ಕಾದುಕೊಂಡಿದ್ದರು. ತಮಿಳು ಎಷ್ಟೋ ಒಳಗೆ ಬಂದಿತ್ತು, ಆದರೂ ಜಾಡಿ ಕೆಟ್ಟಿರಲಿಲ್ಲ. ಮೊಮ್ಮಗಳಿಗೆ ಕನ್ನಡ ಓದಲು ಬಾರದು. ನಾನು ಫೋನಿನಲ್ಲಿ ಮಾತುಗಳನ್ನು ಓದಿ ಕಳಿಸುತ್ತಿದ್ದೆ. ಅಜ್ಜಿ ಅವನ್ನು ಕೇಳಿಕೊಂಡು, ಹುಡುಗಿಯ ಜಡೆ ಹೆಣೆಯುತ್ತ ಬಾಯಿಪಾಠ ಮಾಡಿಸುತ್ತಿದ್ದರು. ಶನಿವಾರ ಭಾನುವಾರ ಆಟೋದಲ್ಲಿ ಕರೆತಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದು ಮಾತು ಸರಿಯಾಗಿ ಬಂದರೆ ಹುಡುಗಿ ನನ್ನ ಕಡೆ ನೋಡುತ್ತಿರಲಿಲ್ಲ. ಗಾಜಿನಾಚೆಯಿಂದ ನೇರ ತನ್ನ ಪಾಟಿಯ, ಅಂದರೆ ಅಜ್ಜಿಯ, ಕಡೆ ನೋಡುತ್ತಿದ್ದಳು. ಪಾಟಿ ತಲೆಯಾಡಿಸಿದರೆ ಸರಿ, ಇಲ್ಲದಿದ್ದರೆ ಇನ್ನೊಂದು ಟೇಕು. ನಿರ್ದೇಶನ ಮಾಡುತ್ತಿದ್ದವರು ಯಾರು ಎಂದು ಎಂಜಿನಿಯರ್ ನನ್ನನ್ನು ರೇಗಿಸುತ್ತಿದ್ದ.

ಒಂದು ದಿನ ಬಿಡುವಿನಲ್ಲಿ ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ ಕೇಳಿದರು: “ಅದು ಸರಿ, ಕೊನೇಲಿ ಈ ಸಿನಿಮಾ ಪಾಟಿ ಏನಾಗ್ತಾಳೆ? ಸೊಲ್ಲಮ್ಮ.”

ನಾನು ಹುಡುಗಿಗೆ ಕೇಳಿಸದ ಹಾಗೆ ಹೇಳಿದೆ: “ತೀರಿಹೋಗ್ತಾರೆ ಮಾಮಿ.”

ಅವರು ಬೆಚ್ಚಲಿಲ್ಲ. “ಪರವಾಯಿಲ್ಲೆ. ನರಿಗೂ ಹಣ್ಣು ಬಿಟ್ಟವಳು, ನಲ್ಲ ಸಾವೇ, ಒಳ್ಳೇ ಸಾವೇ ಬಂದಿರತ್ತೆ. ಆ ಭಾಗ ಕೊನೇಗೆ ಇಟ್ಕೊ. ಇವಳಿಗೆ ಅದನ್ನ ನಾನೇ ಹೇಳ್ಕೊಡ್ತೀನಿ. ಬೇರೆ ಯಾರೂ ವೇಂಡಾಂ.”

ಹಾಗಾಗಿ ಉಳಿದ ಎಲ್ಲವನ್ನೂ ಮುಗಿಸಿ, ಕೊನೆಯ ರೀಲನ್ನು ಹಾಗೇ ಇಟ್ಟುಕೊಂಡೆವು.

ಆ ರೀಲಿನಲ್ಲಿ ಚಳಿಗಾಲ. ಅಜ್ಜಿ ತೀರಿಹೋಗಿದ್ದಾಳೆ. ದಹನವಾದ ಮೇಲೆ ಮನೆಯವರೆಲ್ಲ ಒಂದು ಮೇಜಿನ ಸುತ್ತ ನಿಂತು, ಉದ್ದನೆಯ ಕಡ್ಡಿಗಳಲ್ಲಿ ಬೂದಿಯಿಂದ ಮೂಳೆ ಎತ್ತಿ ಒಂದು ಕುಡಿಕೆಯಲ್ಲಿ ಇಡುತ್ತಾರೆ. ಅದು ಅವರ ಪದ್ಧತಿ. ಚಿಕ್ಕ ಹುಡುಗಿಯ ಕೈಗೂ ಕಡ್ಡಿ ಕೊಡುತ್ತಾರೆ. ಅವಳ ಸೋದರತ್ತೆ ಹೇಳುತ್ತಾಳೆ: ‘ಪಾದದಿಂದ ಶುರುಮಾಡು. ಅಜ್ಜಿ ಒಳಗೆ ನೆಟ್ಟಗೆ ನಿಂತುಕೊಳ್ಳಲಿ.’ ಹುಡುಗಿ ಒಂದು ಚೂರು ಎತ್ತುತ್ತಾಳೆ, ‘ಇನ್ನೂ ಬೆಚ್ಚಗಿದೆ’ ಅನ್ನುತ್ತಾಳೆ. ಅಷ್ಟೇ. ಯಾರೂ ಗೋಳಾಡುವುದಿಲ್ಲ. ಆಮೇಲೆ ಮನೆಗೆ ಬಂದು ಅವಳು ಒಂದು ಹಣ್ಣನ್ನು ನರಿಗೆ ಎಟುಕುವಷ್ಟು ಕೆಳಗೆ ಕಟ್ಟುತ್ತಾಳೆ.

ಈ ರೀಲಿನ ಬಗ್ಗೆ ಸಂಯೋಜಕಿಗೆ ಮೊದಲಿನಿಂದಲೂ ಕಿರಿಕಿರಿ. “ಮೇಡಂ, ಇದು ಫ್ಯಾಮಿಲಿ ಪಿಚ್ಚರ್. ಬೇಸಿಗೆ ರಜೆಗೆ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಅಲ್ಲಿ ಮೂಳೆ ಆರಿಸೋದು ತೋರಿಸಿದ್ರೆ ಎದ್ದು ಹೋಗ್ತಾರೆ. ಸೀನ್ ಕಟ್ ಮಾಡೋಕೆ ಜಪಾನಿನೋರು ಬಿಡಲ್ಲ. ಮಾತು ನಮ್ಮ ಕೈಲಿದೆಯಲ್ಲ, ಸ್ವಲ್ಪ ತಿರುಗಿಸಿಬಿಡಿ.” ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನೋಡೋಣ ಎಂದು ದಿನ ತಳ್ಳಿದೆ.

ಆ ವಾರ ಅಜ್ಜಿ ಬರಲಿಲ್ಲ. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಹುಡುಗಿಯ ತಾಯಿ ಫೋನು ಮಾಡಿದರು. ಮುಂದಿನ ಫೋನು ಬಂದಾಗ ಅವರ ದನಿ ಕೇಳಿಯೇ ನನಗೆ ಗೊತ್ತಾಯಿತು. ನಾನು ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟೆ. ಪಕ್ಕದ ಕುರ್ಚಿಯ ಕೆಳಗೆ ಅವರು ಮರೆತುಹೋದ ಫ್ಲಾಸ್ಕು ಇನ್ನೂ ಇತ್ತು.

ತಾಯಿ ಒಂದು ಮಾತು ಸೇರಿಸಿದರು: “ಪಾಪೂಗೆ ಹೇಳಿಲ್ಲ. ಅವಳನ್ನ ತಾಂಬರಂನಲ್ಲಿ ನಮ್ಮಕ್ಕನ ಮನೇಲಿ ಬಿಟ್ಟಿದೀವಿ. ಪಾಟಿ ಮೈಸೂರಿಗೆ ತಂಗಿ ಮನೆಗೆ ಹೋಗಿದಾರೆ ಅಂದಿದೀವಿ. ಅವಳು ಪಾಟಿ ಹತ್ರಾನೇ ಮಲಗ್ತಿದ್ದೋಳು. ತಾಳ್ಕೊಳಲ್ಲ. ಪರೀಕ್ಷೆ ಮುಗೀಲಿ, ಆಮೇಲೆ ಮೆಲ್ಲಗೆ ಹೇಳೋಣ. ನೀವೂ ಹಾಗೇ ಹೇಳಿ, ಪ್ಲೀಸ್.”

ನಾನು ಹೂಂ ಅಂದೆ. ಸಾವಿನ ಮನೆಯವರು ಕೇಳಿದ್ದಕ್ಕೆ ಯಾರು ಇಲ್ಲ ಅನ್ನುತ್ತಾರೆ?

ವೈಕುಂಠ ಸಮಾರಾಧನೆ ಮುಗಿದು ಹುಡುಗಿ ಮನೆಗೆ ಮರಳುವ ಹೊತ್ತಿಗೆ ಸಂಯೋಜಕಿಯ ತಾಳ್ಮೆಯೂ ಮುಗಿದಿತ್ತು. ಸೋಮವಾರ ಎಲ್ಲ ಟ್ರ್ಯಾಕುಗಳೂ ಮಿಕ್ಸಿಂಗಿಗೆ ಹೋಗಲೇಬೇಕು. ಹುಡುಗಿ ಬರದಿದ್ದರೆ ದೊಡ್ಡ ಕಲಾವಿದೆಯನ್ನು ಕರೆಸಿ ಮೊದಲ ರೀಲಿನಿಂದ ಮತ್ತೆ ಹೇಳಿಸಬೇಕು. ಒಂದೇ ಪಾತ್ರಕ್ಕೆ ಎರಡು ದನಿ ಆಗದಲ್ಲ. ಅಂದರೆ ಅಜ್ಜಿ ಕೂತು ಹೇಳಿಸಿದ ಒಂದೊಂದು ಮಾತೂ ಅಳಿಸಿಹೋಗುತ್ತದೆ. ಇದನ್ನು ತಾಯಿಗೆ ಹೇಳಿದಾಗ ಅವರೇ, “ಕರ್ಕೊಂಡು ಬರ್ತೀವಿ. ಅತ್ತೆ ಅಷ್ಟು ಕಷ್ಟಪಟ್ಟಿದಾರೆ. ಕೊನೇದಲ್ಲಿ ಏನಿದೆ, ನರಿ ತಾನೇ?” ಅಂದರು. ಅವರು ಸಿನಿಮಾ ನೋಡಿರಲಿಲ್ಲ. ನಮಗೆ ಬರುವ ಚಿತ್ರ ಕಪ್ಪು-ಬಿಳುಪು, ಮೇಲೆ ಅಡ್ಡಲಾಗಿ ಕಂಪನಿಯ ಹೆಸರು. ಹೊರಗಿನವರಿಗೆ ತೋರಿಸುವ ಹಾಗಿಲ್ಲ. ಜಪಾನಿನ ಮುದ್ದಾದ ಕಾರ್ಟೂನು, ಮನೆಮಂದಿಯೆಲ್ಲ ನೋಡಬಹುದು ಎಂದಷ್ಟೇ ನಾನು ಅವರಿಗೆ ಹೇಳಿದ್ದೆ.

ಕೊನೆಯಲ್ಲಿ ಏನಿದೆ ಎಂದು ನಾನು ಬಾಯಿಬಿಟ್ಟೆ. ತಾಯಿ ಗಾಬರಿಯಾದರು. “ಮಾತು ಬದಲಾಯಿಸ್ತೀನಿ, ಅವಳಿಗೆ ಏನೂ ಗೊತ್ತಾಗದ ಹಾಗೆ,” ಎಂದು ನಾನೇ ಸಮಾಧಾನ ಹೇಳಿದೆ. ಸಂಯೋಜಕಿಗೂ ಅದೇ ಬೇಕಿತ್ತು. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು ಎಂದುಕೊಂಡೆ.

ಶುಕ್ರವಾರ ಕೂತು ರೀಲನ್ನು ತಿರುಗಿಸಿ ಬರೆದೆ. ಅಜ್ಜಿ ದೂರದ ತೀರ್ಥಯಾತ್ರೆಗೆ ಹೋಗಿದ್ದಾಳೆ. ಮನೆಯವರು ಮೇಜಿನ ಮೇಲೆ ಸಮುದ್ರದ ಚಿಪ್ಪು ಆರಿಸುತ್ತಿದ್ದಾರೆ, ಅವಳು ಬಂದಾಗ ಕೊಡಲು. ‘ಪಾದದಿಂದ ಶುರುಮಾಡು’ ಎಂಬ ಜಾಗಕ್ಕೆ ‘ದೊಡ್ಡದನ್ನ ಮೊದಲು ಆರಿಸು’. ‘ಇನ್ನೂ ಬೆಚ್ಚಗಿದೆ’ ಎಂಬ ಜಾಗಕ್ಕೆ ‘ಎಷ್ಟು ಬೆಳ್ಳಗಿದೆ’. ಚಿತ್ರದ ಜೊತೆ ಓದಿ ನೋಡಿದೆ. ಸುಳ್ಳು ತುಟಿಗೆ ಎಷ್ಟು ಸಲೀಸಾಗಿ ಕೂತಿತೆಂದರೆ ನನಗೇ ಇರಿಸುಮುರಿಸಾಯಿತು. ನಿಜವನ್ನು ಹೊಂದಿಸಲು ನಾನು ಎರಡು ದಿನ ಒದ್ದಾಡಿದ್ದೆ.

ಶನಿವಾರ ಬೆಳಿಗ್ಗೆ ಹುಡುಗಿಯನ್ನು ಅವಳ ಅಪ್ಪ ಬಿಟ್ಟುಹೋಗಲು ಬಂದರು. ತಲೆಗೆ ಕ್ರಿಕೆಟ್ ಟೋಪಿ. ಕೆಳಗೆ ನುಣ್ಣಗೆ ಬೋಳಿಸಿದ ತಲೆ, ಮೀಸೆಯೂ ಇಲ್ಲ. ನನ್ನ ಮುಖ ನೋಡದೆ, “ಸಾಯಂಕಾಲ ಬರ್ತೀನಿ” ಎಂದು ಮೆಟ್ಟಿಲಿಳಿದರು. ಹುಡುಗಿ ನನ್ನ ಪಕ್ಕದ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದಳು.

“ಅಪ್ಪಾ ತಿರುಪತಿಗೆ ಹೋಗಿದ್ರು ಆಂಟಿ. ಮೊಟ್ಟೆ ಹೊಡ್ಕೊಂಡು ಬಂದ್ರು,” ಎಂದು ತಲೆ ಬೋಳಿಸಿದ್ದನ್ನು ತನ್ನ ತಮಿಳಿನಲ್ಲಿ ವಿವರಿಸಿದಳು.

“ಹೌದಾ ಪುಟ್ಟಾ.”

“ಆದ್ರೆ ಲಡ್ಡೂನೇ ತರ್ಲಿಲ್ಲ.”

ಎಂಜಿನಿಯರ್ ಕೀಲಿಮಣೆಯ ಮೇಲೆ ಬೆರಳಿಟ್ಟವನು ಹಾಗೇ ನಿಂತ. ತಂದೆ ತಾಯಿ ತೀರಿದ ವರ್ಷ ಬೆಟ್ಟದ ದೇವರಿಗೆ ಹೋಗುವ ಹಾಗೇ ಇಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅಂಥ ವರ್ಷದಲ್ಲಿ ಇವರು ತಿರುಪತಿಯ ಸುಳ್ಳನ್ನೇ ಹುಡುಕಿಕೊಂಡಿದ್ದರು. ಬೋಳುತಲೆಗೆ ಬೇರೆ ಯಾವ ಸುಳ್ಳು ಸಿಗುತ್ತದೆ? ನಾನು ಹೊರಗೆ ಹೋಗಿ ತಾಯಿಗೆ ಫೋನು ಮಾಡಿ ಲಡ್ಡುವಿನ ವಿಷಯ ಹೇಳಿದೆ. “ಅಯ್ಯೋ ರಾಮ, ಅದು ಹೊಳೀಲೇ ಇಲ್ಲ,” ಎಂದರು.

ರೆಕಾರ್ಡಿಂಗ್ ಶುರುಮಾಡಿದೆವು. ಮೊದಲ ಕೆಲವು ತುಂಡು ಸರಾಗವಾಗಿ ಹೋದವು. ಹಿಮ ಬೀಳುವುದು, ಅಪ್ಪ ಊರಿನಿಂದ ಬರುವುದು. ಪ್ರತಿ ಟೇಕು ಮುಗಿದಾಗಲೂ ಅವಳ ಕಣ್ಣು ಆ ಖಾಲಿ ಕುರ್ಚಿಗೇ ಹೋಗುತ್ತಿತ್ತು. ನಾನು ಚೆನ್ನಾಗಿದೆ ಎಂದು ಕೈಯೆತ್ತಿದರೂ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಎಲ್ಲರೂ ಕಪ್ಪು ಬಟ್ಟೆ ತೊಟ್ಟು ಕಣ್ಣೊರೆಸಿಕೊಳ್ಳುತ್ತ ಕುಳಿತಿರುವ ತುಂಡು ಬಂತು.

“ಆಂಟಿ, ಇವ್ರು ಯಾಕೆ ಅಳ್ತಾ ಇದಾರೆ?”

“ಅಜ್ಜಿ ಯಾತ್ರೆಗೆ ಹೋಗಿದಾರಲ್ಲ, ಅದಕ್ಕೆ.”

“ಯಾತ್ರೆಗೆ ಹೋದ್ರೆ ಅಳ್ತಾರಾ? ಪಾಟಿ ಮೈಸೂರಿಗೆ ಹೋಗಿದಾರೆ. ನಾನು ಅಳಲೇ ಇಲ್ವಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೂ ಎಂಜಿನಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಿತ್ರವಿದ್ದರೆ ತಾನೆ ಪ್ರಶ್ನೆ? ಟಿ.ವಿ. ಆರಿಸಿ ಬರೀ ಮಾತು ಹೇಳಿಸಿ, ಆಮೇಲೆ ನಾವೇ ಜಾಗಕ್ಕೆ ಕೂರಿಸಿಕೊಳ್ಳೋಣ ಎಂದು ತೀರ್ಮಾನಿಸಿದೆ. ತುರ್ತಿಗೆ ನಾವು ಹಾಗೆ ಮಾಡುವುದುಂಟು. ನಾನು ಕಿವಿಯಲ್ಲಿ ಹೇಳಿದೆ, ಅವಳು ಹೇಳಿದಳು: ‘ಎಷ್ಟು ಬೆಳ್ಳಗಿದೆ.’ ಶಾಲೆಯಲ್ಲಿ ಹಾಜರಿ ಹೇಳುವ ದನಿ. ಇನ್ನೊಮ್ಮೆ ಹೇಳಿಸಿದೆ. ಮತ್ತೊಮ್ಮೆ ಹೇಳಿಸಿದೆ. ಹೇಳಿದಷ್ಟೂ ಸಪ್ಪೆಯಾಗುತ್ತ ಹೋಯಿತು. ಏನು ಬೆಳ್ಳಗಿದೆ ಎಂದು ಅವಳಿಗೆ ಕಾಣುತ್ತಿರಲಿಲ್ಲ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬರುತ್ತಿದ್ದವು, ಸಿಟ್ಟು ನನ್ನ ಮೇಲೆಯೇ.

ಮಧ್ಯಾಹ್ನ ತಾಯಿ ಕಳಿಸಿದ ಒಂದು ಡಬ್ಬಿ ಬಂತು. ಡೆಲಿವರಿಯವನು ಮೆಟ್ಟಿಲ ಬಳಿ ಕೊಟ್ಟುಹೋದ. ಒಳಗೆ ನಾಲ್ಕು ದೊಡ್ಡ ಲಡ್ಡು. “ನೋಡು, ಅಪ್ಪ ಮರೆತಿದ್ರಂತೆ, ಅಮ್ಮ ಕಳಿಸಿದಾರೆ, ತಿರುಪತಿದು,” ಎಂದು ನಾನೇ ಡಬ್ಬಿ ಮುಂದೆ ಹಿಡಿದೆ. ಅವಳು ಒಂದನ್ನು ಎತ್ತಿಕೊಂಡಳು. ತಿನ್ನಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದಳು.

“ಇದು ಅಂಗಡೀದು. ಪಚ್ಚಕರ್ಪೂರದ ವಾಸನೆ ಇಲ್ಲ. ಪಾಟಿ ಹೇಳಿದಾರೆ, ಮೂಸಿದ್ರೆ ಗೊತ್ತಾಗತ್ತೆ ಅಂತ.” ಡಬ್ಬಿಗೆ ವಾಪಸು ಇಟ್ಟಳು. “ಆಂಟಿ, ಪಾಟಿಗೆ ಫೋನ್ ಹಾಕಿ. ಅವ್ರು ಕೇಳ್ಲಿ, ನಾನು ಹೇಳ್ತಿರೋದು ಕರೆಕ್ಟಾ ಅಂತ. ನಂಗೆ ಇದು ಪಾಟಿ ಹೇಳ್ಕೊಡಲೇ ಇಲ್ಲ.”

ಎಂಜಿನಿಯರ್ ಅರೆಬರೆ ಕನ್ನಡದಲ್ಲಿ, “ನೆಟ್‌ವರ್ಕ್ ಇಲ್ಲ ಪಾಪಾ,” ಎಂದ.

“ಬೆಳಿಗ್ಗೆ ಆಂಟಿ ಅಮ್ಮನ ಹತ್ರ ಮಾತಾಡಿದ್ರಲ್ಲ!”

ಅವಳು ಹೆಡ್‌ಫೋನ್ ಬಿಚ್ಚಿ ಮೈಕಿನ ಸ್ಟ್ಯಾಂಡಿಗೆ ತೂಗುಹಾಕಿದಳು. ಒಳಗಿನ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಳು. ಅಳಲಿಲ್ಲ, ಹಟ ಮಾಡಲಿಲ್ಲ. ಗಾಜಿನ ಆಚೆಯಿಂದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಯಾರನ್ನು ನಂಬಬೇಕು ಎಂದು ಹುಡುಕುತ್ತಿದ್ದಾಳೆ ಎನ್ನಿಸಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

“ಪಾವಂ ಮೇಡಂ, ಕೊಳಂದೆ,” ಎಂದು ಎಂಜಿನಿಯರ್ ಮಗುವಿನ ಮೇಲಿನ ಮರುಕದಿಂದ ಮೆಲ್ಲಗೆ ಹೇಳಿದ. “ಒನ್ ಮೋರ್ ಹೋಗೋಣವಾ, ನಿಲ್ಲಿಸೋಣವಾ?”

ನಿಲ್ಲಿಸು ಎಂದೆ. ಹುಡುಗಿಯ ಅಪ್ಪನಿಗೆ ಫೋನು ಮಾಡಿ ತಕ್ಷಣ ಬರಬೇಕು ಎಂದು ಹೇಳಿದೆ. ಆಮೇಲೆ ಸಂಯೋಜಕಿಗೂ ಮಾಡಿದೆ. ಈ ರೀಲು ಇವತ್ತು ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಆಗದಿದ್ದರೆ ಬೇರೆ ಕಲಾವಿದೆಯನ್ನು ನೀವೇ ಗೊತ್ತುಮಾಡಿ ಎಂದೆ. ಅವಳು ಏನೋ ಕೂಗುತ್ತಿದ್ದಳು. ನಾನು ಫೋನಿಟ್ಟೆ.

ಅಪ್ಪ ಬಂದರು. ಹುಡುಗಿಯನ್ನು ಆಫೀಸು ಕೋಣೆಯಲ್ಲಿ ಚಿತ್ರ ಬಿಡಿಸಲು ಕೂರಿಸಿ, ಅವರನ್ನು ಕಂಟ್ರೋಲ್ ರೂಮಿಗೆ ಕರೆದೆ. ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು.

“ನಿಮ್ಮ ಸಿನಿಮಾ ಮುಗೀಬೇಕು ಅಂತ ನಾನು ನನ್ನ ಮಗಳಿಗೆ ಇದನ್ನ ಹೇಳ್ಬೇಕಾ? ನಲ್ಲಾ ಇರುಕ್ಕೆ, ಚೆನ್ನಾಗಿದೆ ನ್ಯಾಯ!”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೊರಗಿನವಳು ನಾನು. ಒಂದು ಕ್ಷಣ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಮೇಲೆ ಹೇಳಿದೆ:

“ಸಿನಿಮಾ ಬಿಡಿ ಸರ್. ಬೇರೆಯವರ ಹತ್ರ ಹೇಳಿಸ್ತೀನಿ, ಆ ತಲೆನೋವು ನನ್ನದು. ನಿಮ್ಮ ಮಗಳನ್ನ ಈಗಲೇ ಮನೆಗೆ ಕರ್ಕೊಂಡು ಹೋಗಿ. ಯಾವಾಗ ಹೇಳ್ಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ಆದ್ರೆ ಅಜ್ಜಿ ಯಾತ್ರೆಗೆ ಹೋಗಿದಾರೆ ಅಂತ ಅವಳ ಬಾಯಲ್ಲೇ ನಾನು ಹೇಳಿಸಲ್ಲ. ನನ್ನ ಕೈಲಿ ಆಗಲ್ಲ. ನಿಮ್ಮ ಅಮ್ಮ ಈ ಕುರ್ಚೀಲಿ ಕೂತು ನನ್ನ ಹತ್ರ ಒಂದು ಮಾತು ತಗೊಂಡಿದ್ರು.”

“ಏನು ಮಾತು?”

ಹೇಳಿದೆ. ಕೊನೆಯ ಭಾಗವನ್ನು ತಾನೇ ಹೇಳಿಕೊಡುತ್ತೇನೆ ಎಂದದ್ದು, ನಲ್ಲ ಸಾವು ಎಂದದ್ದು. ಅವರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು.

“ಆ ರೀಲು ತೋರಿಸಿ,” ಎಂದರು.

ಹೊರಗಿನವರಿಗೆ ತೋರಿಸುವ ಹಾಗಿಲ್ಲ ಎಂಬ ನಿಯಮ ನೆನಪಿತ್ತು. ಎಂಜಿನಿಯರ್ ನನ್ನ ಕಡೆ ನೋಡಲೂ ಇಲ್ಲ, ಹಾಕಿಬಿಟ್ಟ. ಮೂಲ ಜಪಾನಿ ದನಿ. ಅಪ್ಪ ಮುಂದೆ ಬಾಗಿ ನೋಡಿದರು. ಮೇಜು, ಬೂದಿ, ಕಡ್ಡಿಗಳು, ಸುತ್ತ ನಿಂತವರು. ಅತ್ತೆಯ ಮಾತು ಬಂದಾಗ, “ಏನಂತಾರೆ?” ಎಂದು ಕೇಳಿದರು.

“ಪಾದದಿಂದ ಶುರುಮಾಡು ಅಂತ.”

“ನಮ್ಮಲ್ಲೂ ಹಾಗೇ,” ಎಂದರು. “ಪಾದದಿಂದ ಎತ್ತಿ ಅಂದ್ರು ಪುರೋಹಿತ್ರು. ಕೊನೇಗೆ ತಲೆ.” ತೆರೆಯಿಂದ ಕಣ್ಣು ತೆಗೆಯದೆ, “ನಾನೊಬ್ನೇ ಇದ್ದೆ. ಇವ್ರು ನೋಡಿ, ಎಲ್ಲಾರೂ ನಿಂತಿದಾರೆ. ಆ ಕುಟ್ಟಿ ಕೂಡ.” ಅವರ ದನಿ ಒಡೆಯಿತು. ಎಂಜಿನಿಯರ್ ಎದ್ದು ನೀರು ತಂದುಕೊಟ್ಟ.

ಅವರು ಮುಖ ಒರೆಸಿಕೊಂಡು, ಟೋಪಿಯನ್ನು ಅಲ್ಲೇ ಬಿಟ್ಟು, ತಾವೇ ಹೋಗಿ ಮಗಳನ್ನು ಕರೆತಂದರು. ಅವಳನ್ನು ಅಜ್ಜಿಯ ಕುರ್ಚಿಯಲ್ಲಿ ಕೂರಿಸಿದರು. ತಾವು ಅವಳ ಮುಂದೆ ನೆಲದ ಮೇಲೆ ಕುಳಿತರು. ನಾನು ಹೊರಗೆ ಹೋಗಲು ಎದ್ದೆ. “ಇರಿ,” ಎಂದರು. ರೀಲು ಮತ್ತೆ ಓಡಿತು. ಮೂಳೆಯ ದೃಶ್ಯ ಹತ್ತಿರ ಬಂತು. ಹೇಳುವುದಿಲ್ಲವೇನೋ ಎಂದು ನನಗೆ ದಿಗಿಲು. ಹೇಳಿಬಿಟ್ಟರೆ ಏನು ಗತಿ ಎಂದೂ ಅಷ್ಟೇ ದಿಗಿಲು.

“ಕಣ್ಣಮ್ಮಾ, ಇದು ಚಿಪ್ಪಲ್ಲ. ಈ ಹುಡುಗಿಯ ಪಾಟಿ ತೀರಿಹೋಗಿದಾರೆ. ಇದು ಅವರ ಮೂಳೆ,” ಎಂದರು.

ಹುಡುಗಿ ತೆರೆಯನ್ನೇ ನೋಡುತ್ತಿದ್ದಳು. “ನಮ್ಮ ಪಾಟೀನೂ?”

“ಹೂಂ. ನಮ್ಮ ಪಾಟೀನೂ.”

ಅವಳು ಕೈ ಚಾಚಿ ಅಪ್ಪನ ಬೋಳುತಲೆಯನ್ನು ಮುಟ್ಟಿದಳು.

“ಅದ್ಕೇ ಲಡ್ಡು ಇಲ್ಲ,” ಎಂದಳು.

ಅವರು ತಲೆಯಾಡಿಸಿದರು.

“ನೀನೂ ಹಿಂಗೆ ಎತ್ತಿದ್ಯಾ?”

“ಎತ್ತಿದೆ. ಕೈಯಿಂದ. ಬೆಸೆಂಟ್ ನಗರ ಸಮುದ್ರದಲ್ಲಿ ಬಿಟ್ಟೆ.”

“ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ?”

“ನೀನು ಚಿಕ್ಕವಳು ಅಂತ, ಕಣ್ಣಮ್ಮಾ.”

ಅವಳು ತೆರೆಯ ಕಡೆ ಬೆರಳು ತೋರಿಸಿದಳು. ಅಲ್ಲಿ ಅವಳಷ್ಟೇ ಎತ್ತರದ ಹುಡುಗಿ ಕಡ್ಡಿ ಹಿಡಿದು ನಿಂತಿದ್ದಳು. “ಅವಳೂ ಚಿಕ್ಕವಳು ತಾನೆ?”

ಆಗ ಅವಳಿಗೆ ಅಳು ಬಂತು. ಅಪ್ಪನ ಹೆಗಲ ಮೇಲೆ ಬಿದ್ದು, ನಮ್ಮ ಇಡೀ ಕೋಣೆ ತುಂಬುವ ಹಾಗೆ ಅತ್ತಳು. ಅವರೂ ಅತ್ತರು. ತಮ್ಮ ತಾಯಿ ತೀರಿಹೋದ ಮೇಲೆ ಅವರು ಮನೆಯಲ್ಲಿ ಬಾಯಿಬಿಟ್ಟು ಅತ್ತಿರಲಿಲ್ಲವಂತೆ, ಮಗಳಿಗೆ ಗೊತ್ತಾಗುತ್ತದೆ ಎಂದು. ಇದನ್ನು ಹುಡುಗಿಯ ತಾಯಿ ಆಮೇಲೆ ನನಗೆ ಹೇಳಿದರು. ಅಪ್ಪ ಮಗಳು ಅಲ್ಲಿಂದ ಮನೆಗೆ ಹೋಗದೆ ಸೀದಾ ಸಮುದ್ರಕ್ಕೆ ಹೋದರು ಎಂಬುದನ್ನೂ ಅವರೇ ಹೇಳಿದ್ದು.

ಭಾನುವಾರ ಯಾರೂ ಬರುವುದಿಲ್ಲ ಎಂದು ನಾನು ಇನ್ನೊಬ್ಬ ಕಲಾವಿದೆಗೆ ಫೋನು ಮಾಡಿಟ್ಟಿದ್ದೆ. ಆದರೆ ಅಪ್ಪ, ಅಮ್ಮ, ಮಗಳು ಮೂವರೂ ಬಂದರು. ಹುಡುಗಿಯ ಕಣ್ಣು ಊದಿಕೊಂಡಿದ್ದವು. “ನಿಜವಾದ ಮಾತು ಕೊಡಿ ಆಂಟಿ,” ಎಂದಳು. ತಿರುಗಿಸಿ ಬರೆದದ್ದನ್ನು ಬದಿಗೆ ಸರಿಸಿ ಹಳೆಯದನ್ನೇ ಹೇಳಿಸಿದೆ. ಹೇಳಿಕೊಡಲು ಈ ಸಲ ಅಪ್ಪ ಆ ಕುರ್ಚಿಯಲ್ಲಿ ಕುಳಿತರು. ಅವರ ಕನ್ನಡ ಅವರ ಅಮ್ಮನಷ್ಟು ಚೆನ್ನಾಗಿಲ್ಲ. ಎರಡು ಕಡೆ ಹುಡುಗಿಯೇ ತಿದ್ದಿದಳು.

ಟಿ.ವಿ. ಆರಿಸಲಿಲ್ಲ. ಮೂರು ಬೀಪ್ ಆದವು. ‘ಇನ್ನೂ ಬೆಚ್ಚಗಿದೆ,’ ಎಂದಳು, ತಣ್ಣಗೆ, ಒಂದಿಷ್ಟೂ ನಾಟಕವಿಲ್ಲದೆ. ತೆರೆಯ ಮೇಲಿನ ಬಾಯಿ ಮುಚ್ಚಿತು, ಅವಳದೂ ಮುಚ್ಚಿತು. ಎಂಜಿನಿಯರ್ ಇನ್ನೊಂದು ಟೇಕು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸೋಮವಾರ ಸಂಯೋಜಕಿ ರೀಲು ಕೇಳಿ ಫೋನು ಮಾಡಿದಳು. ನನ್ನ ಕಡೆಯಿಂದ ಜಗಳಕ್ಕೆ ಎಲ್ಲ ಸಿದ್ಧತೆಯೂ ಆಗಿತ್ತು. ಅವಳು ಜಗಳವಾಡಲಿಲ್ಲ. “ಮೇಡಂ, ಹಾಗೇ ಕಳಿಸ್ತೀನಿ. ಮೇಲಿನವರು ಏನಾದ್ರೂ ಅಂದ್ರೆ ನಿಮ್ಮ ಹೆಸರು ಹೇಳ್ತೀನಿ,” ಎಂದಳು. ಧಾರಾಳವಾಗಿ ಹೇಳು ತಾಯಿ ಎಂದೆ. ಮೇಲಿನವರು ಏನಂದರೋ ನನಗೆ ತಿಳಿಯದು. ಬೇಸಿಗೆ ರಜೆಗೆ ಬರಬೇಕಿದ್ದ ಸಿನಿಮಾ ಬರಲಿಲ್ಲ. ಥಿಯೇಟರ್ ಸಿಗಲಿಲ್ಲವೆಂದರು, ಇನ್ನೇನೋ ಎಂದರು. ವರ್ಷ ಕಳೆಯಿತು. ಇದು ನನ್ನ ಹಟದ ಫಲವೇ ಎಂದು ಎಷ್ಟೋ ಸಲ ಅಂದುಕೊಂಡೆ, ಆದರೂ ಆ ಚಿಪ್ಪಿನ ಮಾತನ್ನು ಹಾಕಬೇಕಿತ್ತು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಕೊನೆಗೂ ಒಂದು ಪ್ರಿವ್ಯೂ ಇಟ್ಟರು. ಚೆನ್ನೈಯ ಕನ್ನಡದ ಮನೆಗಳವರನ್ನು ಮಕ್ಕಳ ಸಮೇತ ಕರೆದಿದ್ದರು. ಸಂಯೋಜಕಿಯನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಕೊನೆಯ ರೀಲು ಬಂದಾಗ ಅವಳು ತೆರೆ ನೋಡುವುದು ಬಿಟ್ಟು ಜನರನ್ನೇ ನೋಡುತ್ತಿದ್ದಳು. ಒಬ್ಬ ತಾಯಿ ಮಗನ ಕಣ್ಣಿಗೆ ಕೈ ಅಡ್ಡ ಹಿಡಿದರು. ಅವನು ಬೆರಳ ಸಂದಿನಿಂದ ನೋಡಿದ. ಮುಂದಿನ ಸಾಲಿನ ಹುಡುಗನೊಬ್ಬ, “ತಾತನಿಗೂ ಹಿಂಗೇ ಮಾಡಿದ್ರಾ?” ಎಂದು ಗಟ್ಟಿಯಾಗಿ ಕೇಳಿದ, ಅವನ ಅಪ್ಪ ಬಗ್ಗಿ ಏನೋ ಹೇಳತೊಡಗಿದರು. ಯಾರೂ ಎದ್ದು ಹೋಗಲಿಲ್ಲ.

ದೀಪ ಹತ್ತಿದ ಮೇಲೆ ನನ್ನ ಹುಡುಗಿ ಕುರ್ಚಿಗಳ ನಡುವೆ ನುಗ್ಗಿಕೊಂಡು ಬಂದಳು. ಉದ್ದವಾಗಿದ್ದಾಳೆ, ಹಲ್ಲು ಬಂದಿದೆ. ಹಿಂದೆ ಅವಳ ಅಪ್ಪ. ಮೀಸೆ ಬಂದಿತ್ತು. ತಲೆ ಮಾತ್ರ ಮತ್ತೆ ನುಣ್ಣಗಿತ್ತು. ಈಗ ಮನೆಯಲ್ಲಿ ಯಾರು ತೀರಿಹೋದರೋ ಎಂದುಕೊಂಡು ಅವರ ತಲೆಯನ್ನೇ ನೋಡಿದೆ.

ಅವರಿಗೆ ಅರ್ಥವಾಯಿತು. ನಕ್ಕರು. “ಅಮ್ಮನ ವರ್ಷಾಬ್ದಿಕ ಮುಗೀತು. ಹೋದ ವಾರ ಎಲ್ಲಾರೂ ಬೆಟ್ಟಕ್ಕೆ ಹೋಗಿಟ್ಟು ಬಂದ್ವಿ.”

ಹುಡುಗಿ ಕಾಗದದಲ್ಲಿ ಸುತ್ತಿದ ಒಂದು ಉಂಡೆಯನ್ನು ನನ್ನ ಕೈಯಲ್ಲಿಟ್ಟಳು.

“ತಿನ್ಬೇಡಿ ಆಂಟಿ. ಮೊದ್ಲು ಮೂಸಿ ನೋಡಿ,” ಎಂದಳು.

ಕಾಗದ ಬಿಡಿಸಿ ಮೂಗಿನ ಹತ್ತಿರ ಹಿಡಿದೆ. ಪಚ್ಚಕರ್ಪೂರದ ವಾಸನೆ ಇತ್ತು.